ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರ ಕಾಯಕ

ವಿಜಯಪುರ ನಗರದಿಂದ ಪಡುವಣಕ್ಕೆ, ಟಿಕೋಟದ ಕಡೆಗೆ ಹೋಗುವ ದಾರಿಯಲ್ಲಿ ತೊರವಿ ಗ್ರಾಮವಿರುವದು. ಅದರ ಸಮೀಪದಲ್ಲಿ ನವರಸಪುರದ ಹಾಳುಗೋಡೆಗಳು ಈಗಲೂ ನಿಂತಿರುವವು. ಸಂಗೀತದಲ್ಲಿ ಅಪಾರ ಪ್ರೀತಿಯುಳ್ಳ ಎರಡನೆಯ ಇಬ್ರಾಹೀಮ ಆದಿಲಶಾಹನು 1599ರಲ್ಲಿ ಈ ಪಟ್ಟಣವನ್ನು ಕಟ್ಟಿಸಲು ತೊಡಗಿದನು. 1624ರಲ್ಲಿ ಮಲಿಕ ಅಂಬರನ ದಂಡು ಅದನ್ನು ಹಾಳುಗೆಡವಿತು. ಅರಸನ ಬೊಕ್ಕಸವನ್ನು ನೆಮ್ಮಿ ನಿಂತ ಗಾನವೈಭವವು ಅರಸೊತ್ತಿಗೆಯ ಏಳುಬೀಳುಗಳಿಗೆ ಒಳಗಾಯಿತು. ಮೂರು ಶತಮಾನಗಳು ಕಳೆದ ತರುವಾಯ ಇದೇ ಬಡಗ ಕನ್ನಡನಾಡಿನಲ್ಲಿ, ಬೊಕ್ಕಸವಿಲ್ಲದ, ಅರಮನೆಯಿಲ್ಲದ, ಕಣ್ಣೂ ಇಲ್ಲದ ಒಬ್ಬ ಜಂಗಮರು ಭಕ್ತರು ಕೊಟ್ಟ ಹಿಡಿಹಿಡಿ ಜೋಳದ ಮೇಲೆ ಒಂದು ಗಾನಶಾಲೆಯನ್ನು ಕಟ್ಟಿದರು. ಅದು ಇಂದಿಗೂ ಅಳಿದಿಲ್ಲ. ಆ ಮಹನೀಯರೇ ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳು. ಅವರ ಚರಿತ್ರೆಯು ಕೇವಲ ಒಬ್ಬ ಸಂಗೀತಗಾರರ ಚರಿತ್ರೆಯಲ್ಲ. ದೇಹದ ಊನವೂ, ದುಡಿಮೆಯ ಅಭಾವವೂ, ಸಮಾಜದ ಮೇಲುಕೀಳೂ ಒಂದನ್ನೊಂದು ಹೆಣೆದುಕೊಂಡು ಮನುಷ್ಯನನ್ನು ಹೇಗೆ ಬಂಧಿಸುವವೆಂಬದನ್ನೂ, ಆ ಬಂಧವನ್ನು ಹೇಗೆ ಬಿಡಿಸಬಹುದೆಂಬದನ್ನೂ ತೋರಿಸಿಕೊಡುವ ಚರಿತ್ರೆಯಾಗಿರುವದು.

ಈ ಬಂಧದ ಸ್ವರೂಪವನ್ನು ಅರಿಯಬೇಕಾದರೆ ಅಂದಿನ ನಾಡಿನ ಸ್ಥಿತಿಯನ್ನು ನೆನೆಯಬೇಕು. ಡೋಣಿಯ ದಂಡೆಯ ಕಪ್ಪು ಎರೆಭೂಮಿಯು ಮಳೆ ಬಂದ ವರ್ಷ ಕಣಜ ತುಂಬುವಷ್ಟು ಬಿಳಿಜೋಳವನ್ನು ಕೊಡುವದು. ಮಳೆ ತಪ್ಪಿದ ವರ್ಷ ಬೀಜವನ್ನೂ ತಿರುಗಿ ಕೊಡದು. ಟಿಕೋಟ, ಬಬಲೇಶ್ವರಗಳ ಸೀಮೆಯು ಬಹುಕಾಲ ಮುಗಿಲನ್ನೇ ನಂಬಿ ಬದುಕಿದ ಸೀಮೆ. 1876ರಿಂದ 1878ರ ವರೆಗಿನ ಘೋರ ಬರಗಾಲವು ಈ ಜಿಲ್ಲೆಯನ್ನು ಬಹಳವಾಗಿ ಪೀಡಿಸಿತು. ಆ ಗಾಯ ಮಾಯುವ ಮೊದಲೇ 1896–97ರಲ್ಲಿಯೂ 1899–1900ರಲ್ಲಿಯೂ ಕ್ಷಾಮಗಳು ಬಂದವು. ಬರಗಾಲವು ದನಕರುಗಳನ್ನೂ ಮನುಷ್ಯರನ್ನೂ ಕೊಲ್ಲುವದೆಂಬದು ಎಲ್ಲರಿಗೂ ಗೊತ್ತು. ಅದು ಮಕ್ಕಳ ಕಣ್ಣನ್ನೂ ಕೊಲ್ಲುವದೆಂಬದು ಅನೇಕರಿಗೆ ಗೊತ್ತಿಲ್ಲ. ಹಾಲು, ಬೆಣ್ಣೆ, ಕಾಯಿಪಲ್ಲೆಗಳು ಇಲ್ಲವಾದಾಗ ಎ ಜೀವಸತ್ವದ ಕೊರತೆಯಿಂದ ಎಳೆಯ ಮಕ್ಕಳ ಕಣ್ಣು ಮೊದಲು ಇರುಳುಗುರುಡಿಗೆ ಒಳಗಾಗಿ, ಕೊನೆಗೆ ಕಣ್ಣಿನ ಮುಂಭಾಗವೇ ಕರಗಿ ಹೋಗುವದು. ಇದರ ಮೇಲೆ ಸಿಡುಬು ಬಂದು ಅನೇಕರ ದೃಷ್ಟಿಯನ್ನು ಒಯ್ಯುತ್ತಿದ್ದಿತು. ನೀರಿನ ಅಭಾವವಿದ್ದಲ್ಲಿ, ಮುಖ ತೊಳೆಯಲಿಕ್ಕೂ ನೀರು ಸಾಲದ ಮನೆಗಳಲ್ಲಿ, ಟ್ರಕೋಮವೆಂಬ ಕಣ್ಣುಬೇನೆಯು ಒಬ್ಬರಿಂದೊಬ್ಬರಿಗೆ ಹಬ್ಬುತ್ತಿದ್ದಿತು. ಹೀಗೆ ಕುರುಡುತನವು ಎಲ್ಲ ಮನೆಗಳನ್ನೂ ಸಮನಾಗಿ ತಟ್ಟುತ್ತಿರಲಿಲ್ಲ. ಬಡವನ ಮನೆಯ ಬಾಗಿಲನ್ನೇ ಹೆಚ್ಚಾಗಿ ತಟ್ಟುತ್ತಿದ್ದಿತು.

ತಟ್ಟಿದ ಮೇಲೆಯೂ ಅದರ ಫಲವು ಸಮನಾಗಿರಲಿಲ್ಲ. ಹೊಲಮನೆಗಳುಳ್ಳ ಮನೆತನದಲ್ಲಿ ಒಬ್ಬನು ಕುರುಡನಾದರೆ ಆಸ್ತಿಯು ಅವನನ್ನು ಸಾಕುತ್ತಿದ್ದಿತು. ಕೂಲಿಯವನ ಮಗನು ಕುರುಡನಾದರೆ ಎರಡು ಕೈಗಳ ಗಳಿಕೆ ಕಡಿಮೆಯಾಗಿ, ಒಂದು ಹೊಟ್ಟೆಯ ಭಾರ ಉಳಿಯುತ್ತಿದ್ದಿತು. ಬಿತ್ತುವದು, ಕಳೆ ಕೀಳುವದು, ನೇಯುವದು, ಲೆಕ್ಕ ಬರೆಯುವದು ಇವೆಲ್ಲ ಕಣ್ಣುಳ್ಳವರ ಕೆಲಸಗಳೆಂದು ಲೋಕವು ತೀರ್ಮಾನಿಸಿದ್ದಿತು. ಆದುದರಿಂದ ಅಂಧನಿಗೆ ಉಳಿದುದು ಜಾತ್ರೆಯ ದಾರಿಯ ಬದಿ, ಗುಡಿಯ ಮೆಟ್ಟಿಲು, ಕೈಯಲ್ಲೊಂದು ಬಟ್ಟಲು. ಬಡತನವು ಕಣ್ಣನ್ನು ಕಳೆಯಿತು. ಕಣ್ಣಿಲ್ಲದುದು ಕೆಲಸವನ್ನು ಕಳೆಯಿತು. ಕೆಲಸವಿಲ್ಲದುದು ಮಾನವನ್ನು ಕಳೆದು ಬಡತನವನ್ನು ಇಮ್ಮಡಿಗೊಳಿಸಿತು. ಈ ಗಾಣದ ಸುತ್ತನ್ನು ಜನರು ಪೂರ್ವಜನ್ಮದ ಕರ್ಮವೆಂದು ಕರೆದು ಸುಮ್ಮನಾದರು.

ಬಸವಣ್ಣನವರು ಜನಿಸಿದ ಬಾಗೇವಾಡಿಯು ಇದೇ ಜಿಲ್ಲೆಯಲ್ಲಿರುವದು. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವನ್ನು ಈ ನಾಡಿನವರಿಗೆ ಬೇರೆ ವಿವರಿಸಬೇಕಾದುದಿಲ್ಲ. ಅಗಸರು, ಅಂಬಿಗರು, ಮಾದಾರರು, ಹಗ್ಗ ಹೊಸೆಯುವವರು ತಮ್ಮ ತಮ್ಮ ಕಾಯಕದಿಂದಲೇ ಅನುಭವಮಂಟಪದಲ್ಲಿ ಸಮಾನರಾಗಿ ಕುಳಿತರು. ವಿಜಯಪುರದಲ್ಲಿ ನೆಲೆಸಿದ ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಪ್ರಕಟಿಸಿ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿ, ಆ ತತ್ತ್ವವನ್ನು ತಾಡವೋಲೆಗಳಿಂದ ಬೆಳಕಿಗೆ ತಂದರು. ಆದರೆ ಕಾಯಕದಿಂದಲೇ ಮನುಷ್ಯನು ಸಮನಾಗುವನೆಂದಮೇಲೆ, ಕಾಯಕವೇ ದೊರೆಯದವನ ಗತಿಯೇನು? ಅವನಿಗೆ ದಾಸೋಹದ ಪ್ರಸಾದವುಂಟು. ದಾಸೋಹ ಮಾಡುವ ಅಧಿಕಾರವಿಲ್ಲ. ಕೊಡುವವರ ಸಾಲಿನಲ್ಲಿ ಎಂದೂ ನಿಲ್ಲದವನು ಸಮಾನನಾಗುವದೆಂತು? ಈ ಪ್ರಶ್ನೆಗೆ ಗ್ರಂಥದಿಂದಲ್ಲದೆ ಬಾಳಿನಿಂದ ಉತ್ತರವನ್ನು ಕೊಟ್ಟವರೇ ಪಂಚಾಕ್ಷರಿ ಗವಾಯಿಗಳು.

ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ ಚರಂತಿಮಠ ಮತ್ತು ನೀಲಮ್ಮ ಎಂಬ ಸಾತ್ವಿಕ ದಂಪತಿಗಳಿದ್ದರು. ಅವರ ಉದರದಲ್ಲಿ 1892ನೆಯ ಫೆಬ್ರುವರಿ 2ರಂದು ಈ ಶಿಶುವು ಜನಿಸಿತು. ಗದಿಗೆಯ್ಯನೆಂದು ಹೆಸರಿಟ್ಟರು. ಮಗುವು ಹುಟ್ಟುಕುರುಡಾಗಿದ್ದಿತು. ಅವನ ಸಹೋದರನಾದ ಗುರುಬಸಯ್ಯನೂ ಅಂಧನೇ. ಒಂದೇ ಮನೆಯಲ್ಲಿ ಇಬ್ಬರು ಕಣ್ಣಿಲ್ಲದ ಮಕ್ಕಳು. ಮನೆತನವು ಜಂಗಮರದಾದರೂ ಐಶ್ವರ್ಯದ್ದಲ್ಲ. ಕುಲದ ಗೌರವವು ಪಾದಪೂಜೆಗೆ ಸಾಕಾಗಬಹುದು, ಎರಡು ಜೀವಗಳ ಮುಂದಿನ ಬಾಳಿಗೆ ಸಾಲದು. ಆದರೆ ಈ ಬಾಲಕರಿಗೆ ಸುಸ್ವರವಾದ ಕಂಠವಿದ್ದಿತು. ಕೇಳಿದ ಪದವನ್ನು ಕೇಳಿದಂತೆಯೇ ಹಾಡುವ ಧಾರಣಶಕ್ತಿಯಿದ್ದಿತು.

ಇಂಥ ಕಂಠಗಳು ಆ ಕಾಲದಲ್ಲಿ ಎಷ್ಟೋ ಇದ್ದಿರಬೇಕು. ಸಂತೆಯ ಗದ್ದಲದಲ್ಲಿ ಅಡಗಿ ಹೋಗಿರಬೇಕು. ಇವುಗಳನ್ನು ಗುರುತಿಸುವ ಕಿವಿಯೊಂದು ಬೇಕಾಗಿದ್ದಿತು. ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಶಿವಯೋಗಿಗಳಿಗೆ ಆ ಕಿವಿಯಿದ್ದಿತು. 1867ರಲ್ಲಿ ಜನಿಸಿದ ಈ ಪೂಜ್ಯರು 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೆ ಕಾರಣರಾದರು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಆ ಸ್ಥಳವು ಇಂದು ಬಾಗಲಕೋಟೆ ಜಿಲ್ಲೆಯಲ್ಲಿದ್ದರೂ 1997ರ ವರೆಗೆ ವಿಜಾಪುರ ಜಿಲ್ಲೆಯದೇ ಆಗಿದ್ದಿತು. ಮಠಗಳಿಗೆ ವಿದ್ಯಾವಂತರಾದ ಸ್ವಾಮಿಗಳನ್ನು ಸಿದ್ಧಪಡಿಸುವದು ಅವರ ಹಂಬಲವಾಗಿದ್ದಿತು. ಅಂಧ ಬಾಲಕರ ಗಾಯನವನ್ನು ಕೇಳಿದ ಪೂಜ್ಯರು ಅವರ ಕೈಗೆ ಕಾಸನ್ನಿಟ್ಟು ಕಳುಹಲಿಲ್ಲ. ಅವರನ್ನು ತಮ್ಮ ಜತೆಗೆ ಕರೆದುಕೊಂಡು ವಿದ್ಯೆಗೆ ಹಚ್ಚಿದರು. ಕನಿಕರವು ಒಂದು ಹೊತ್ತಿನ ಹಸಿವನ್ನು ಹಿಂಗಿಸುವದು. ವಿದ್ಯೆಯು ಒಂದು ಜನ್ಮದ ಹಸಿವನ್ನು ಹಿಂಗಿಸುವದು. ಈ ಭೇದವನ್ನು ತಿಳಿದುದರಲ್ಲಿಯೇ ಕುಮಾರ ಶಿವಯೋಗಿಗಳವರ ದೂರದೃಷ್ಟಿಯಿರುವದು.

ಗದಿಗೆಯ್ಯನ ವಿದ್ಯಾಭ್ಯಾಸವು ಅಲ್ಪತೃಪ್ತಿಯದಾಗಿರಲಿಲ್ಲ. ಅಂಧನಿಗೆ ಎರಡು ಭಜನೆಯ ಪದಗಳು ಬಂದರೆ ಸಾಕೆಂದು ಪೂಜ್ಯರು ಎಣಿಸಲಿಲ್ಲ. ಮೈಸೂರಿಗೆ ಕಳುಹಿ ಅಲ್ಲಿ ವಿದ್ವಾನ್ ವೆಂಕಟರಮಣಯ್ಯನವರಲ್ಲಿ ಕರ್ನಾಟಕ ಪದ್ಧತಿಯನ್ನು ಕಲಿಸಿದರು. ಮುಂದೆ ನೀಲಕಂಠಬುವಾ ಅವರಲ್ಲಿಯೂ ಉಸ್ತಾದ ವಹೀದಖಾನರಲ್ಲಿಯೂ ಹಿಂದುಸ್ತಾನೀ ಪದ್ಧತಿಯ ಶಿಕ್ಷಣವಾಯಿತು. ಜಂಗಮ ವಟುವು ಮುಸಲ್ಮಾನ ಉಸ್ತಾದರ ಎದುರಿಗೆ ಕುಳಿತು ಸ್ವರಸಾಧನೆ ಮಾಡಿದನು. ನಾದದ ಮುಂದೆ ಕುಲಮತಗಳ ಭೇದವು ನಿಲ್ಲಲಿಲ್ಲ. ಹೀಗೆ ಎರಡೂ ಪದ್ಧತಿಗಳಲ್ಲಿ ಪಾರಂಗತರಾದ ಅವರು ಉಭಯಗಾನವಿಶಾರದರೆಂದು ಕೀರ್ತಿ ಪಡೆದರು. ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನು ಪಂಚಾಕ್ಷರಿ ಗವಾಯಿಯಾದನು.

ಇಷ್ಟು ವಿದ್ಯೆಯನ್ನು ಪಡೆದವರಿಗೆ ಆ ಕಾಲದಲ್ಲಿ ಸುಖದ ದಾರಿಗಳು ತೆರೆದಿದ್ದವು. ಸಂಸ್ಥಾನಿಕರ ಆಸ್ಥಾನಗಳಿದ್ದವು, ಹಣಕೊಟ್ಟು ಕರೆಯುವ ನಾಟಕ ಮಂಡಳಿಗಳಿದ್ದವು. ಒಬ್ಬ ಅಂಧನು ತನ್ನ ವಿದ್ಯೆಯಿಂದ ತಾನು ಮೇಲೇರಿದರೆ ಲೋಕವು ಅವನನ್ನು ಹೊಗಳುವದು. ಅವನ ಹಿಂದೆ ಬಟ್ಟಲು ಹಿಡಿದು ಕುಳಿತವರು ಅಲ್ಲಿಯೇ ಉಳಿಯುವರು. ಗವಾಯಿಗಳು ಆ ದಾರಿಯನ್ನು ಹಿಡಿಯಲಿಲ್ಲ. ಗುರುವಿನ ಇಚ್ಛೆಯಂತೆ ಆಜನ್ಮ ಬ್ರಹ್ಮಚಾರಿಯಾಗಿದ್ದು, ಅಂಧರಿಗೂ ಅನಾಥರಿಗೂ ಬಡವರಿಗೂ ಸಂಗೀತವಿದ್ಯೆಯನ್ನು ಧಾರೆಯೆರೆಯುವದೇ ತಮ್ಮ ಕಾಯಕವೆಂದು ವ್ರತ ತೊಟ್ಟರು. 1914ರಲ್ಲಿ ನಿಡಗುಂದಿಕೊಪ್ಪದಲ್ಲಿ ಕುಮಾರ ಶಿವಯೋಗಿಗಳವರ ಆಶ್ರಯದಲ್ಲಿ ಸಂಗೀತ ಪಾಠಶಾಲೆಯು ಆರಂಭವಾಯಿತು.

ಆ ಪಾಠಶಾಲೆಯು ಮುಂದೆ ಸಂಚಾರಿಯಾಗಿ ಊರಿಂದೂರಿಗೆ ಹೋಗುತ್ತಿದ್ದಿತು. ಒಂದೇ ಊರು ಅಷ್ಟು ಮಕ್ಕಳಿಗೆ ವರ್ಷವಿಡೀ ಅನ್ನವನ್ನಿಕ್ಕಲಾರದು. ಅನೇಕ ಊರುಗಳು ಕೆಲವು ಕೆಲವು ದಿನ ಇಕ್ಕಬಲ್ಲವು. ಹೋದ ಹೋದಲ್ಲಿ ಗಾಯನ, ಕೀರ್ತನ, ಪುರಾಣಗಳು ನಡೆಯುವವು. ಊರವರು ಕಾಳುಕಡಿಗಳನ್ನು ಒದಗಿಸುವರು. ಮೇಲುನೋಟಕ್ಕೆ ಇದೂ ಭಿಕ್ಷೆಯೇ. ಆದರೆ ಇಲ್ಲಿ ಕುರುಡರ ಕೈ ಕೆಳಗೂ ಕೊಡುವವರ ಕೈ ಮೇಲೂ ಇರಲಿಲ್ಲ. ಊರವರು ಜೋಳವನ್ನು ಕೊಟ್ಟರು, ಅಂಧ ವಿದ್ಯಾರ್ಥಿಗಳು ನಾದವನ್ನು ಕೊಟ್ಟರು. ಕೊಟ್ಟು ಕೊಳ್ಳುವ ಈ ಸಂಬಂಧದಲ್ಲಿ ಅಂಧನು ಮೊದಲ ಸಲ ಕೊಡುವವನಾದನು. ಇದಲ್ಲದೆ, ಕಣ್ಣಿಲ್ಲದವರು ಹೀಗೆ ಹಾಡಬಲ್ಲರು, ನುಡಿಸಬಲ್ಲರು ಎಂಬದನ್ನು ಹಳ್ಳಿಯ ಜನರು ಪ್ರತ್ಯಕ್ಷ ಕಂಡರು. ಮನೆಯ ಮೂಲೆಯಲ್ಲಿ ಕುಳಿತ ಅಂಧ ಮಗನನ್ನು ಕುರಿತು ತಂದೆತಾಯಿಗಳ ಮನಸ್ಸಿನಲ್ಲಿದ್ದ ನಿರಾಶೆಯು ಸಡಿಲಿತು.

ಬೋಧನೆಯ ಕ್ರಮವೂ ಗಮನಾರ್ಹವಾದುದು. ಭಾರತದ ಭಾಷೆಗಳಿಗೆಲ್ಲ ಹೊಂದುವ ಬ್ರೇಲ್ ಲಿಪಿಯ ಕ್ರಮವು ರೂಢಿಗೆ ಬಂದುದು 1951ರಲ್ಲಿ. ಗವಾಯಿಗಳ ಕಾಲದ ಹಳ್ಳಿಯ ಅಂಧನಿಗೆ ಪುಸ್ತಕವೆಂಬದೇ ಇರಲಿಲ್ಲ. ಶಾಲೆಗಳ ವಿದ್ಯೆಯೆಲ್ಲ ಹಲಗೆ, ಬಳಪ, ಅಚ್ಚಿನ ಅಕ್ಷರಗಳನ್ನು ಆಶ್ರಯಿಸಿದ್ದುದರಿಂದ ಅಂಧನು ತನ್ನಷ್ಟಕ್ಕೆ ತಾನೇ ಹೊರಗಾಗುತ್ತಿದ್ದನು. ಸಂಗೀತವಾದರೋ ನಮ್ಮ ದೇಶದಲ್ಲಿ ಗುರುಮುಖದಿಂದಲೇ ಬರುವ ವಿದ್ಯೆ. ಗುರುವು ಹಾಡಬೇಕು, ಶಿಷ್ಯನು ಕೇಳಿ ಹಾಡಬೇಕು. ಕಣ್ಣುಳ್ಳವನಿಗೂ ಬೇರೆ ದಾರಿಯಿಲ್ಲ. ಆದುದರಿಂದ ಈ ವಿದ್ಯೆಯ ಜಗಲಿಯ ಮೇಲೆ ಕಣ್ಣುಳ್ಳವನೂ ಇಲ್ಲದವನೂ ಸಮನಾಗಿಯೇ ಕುಳಿತರು. ಊನವು ದೇಹದಲ್ಲಿರುವಷ್ಟೇ ಕಲಿಸುವ ಕ್ರಮದಲ್ಲಿಯೂ ಇರುವದೆಂಬ ಮಾತು ಇಲ್ಲಿ ಸಿದ್ಧವಾಗುವದು. ಕ್ರಮವು ಹೊಂದಿದಲ್ಲಿ ಊನವು ಅಡ್ಡಿಯಾಗದು. ಕಲಿಸುವ ಗುರುವೇ ಅಂಧನಾಗಿದ್ದುದರಿಂದ ಶಿಷ್ಯನ ತೊಡಕು ಎಲ್ಲಿದೆಯೆಂಬದು ಅವರಿಗೆ ಹೇಳದೆಯೇ ತಿಳಿಯುತ್ತಿದ್ದಿತು.

ಪಾಠಶಾಲೆಯು ಅಂಧರಿಗೆ ಮಾತ್ರ ಮೀಸಲಾಗಿರಲಿಲ್ಲ. ಕಣ್ಣುಳ್ಳ ಬಡ ಬಾಲಕರೂ ಅಲ್ಲಿ ಕಲಿತರು. ಅನ್ನಕ್ಕೂ ವಿದ್ಯೆಗೂ ಶುಲ್ಕವಿರಲಿಲ್ಲ. ಮುಂದೆ ಹಿಂದುಸ್ತಾನೀ ಗಾಯನದಲ್ಲಿ ದೇಶವೇ ಮನ್ನಿಸಿದ ಬಸವರಾಜ ರಾಜಗುರುಗಳು ಬಾಲ್ಯದಲ್ಲಿ ಗವಾಯಿಗಳ ಆಶ್ರಯಕ್ಕೆ ಬಂದು ಬೆಳೆದವರು. ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮೊದಲಾದವರೂ ಅವರ ಶಿಷ್ಯರು. ಕಣ್ಣುಳ್ಳವರು ಅಂಧ ಗುರುವಿನ ಪಾದದ ಬಳಿ ಕುಳಿತು ವಿದ್ಯೆಯನ್ನು ಬೇಡಿದರೆಂಬ ಈ ಸಂಗತಿಯು ಸಾಮಾನ್ಯವಲ್ಲ. ಅಂಧನಿಗೆ ಉಪಕಾರ ಮಾಡಬೇಕೆಂದು ಹೇಳುವವರು ಯಾವಾಗಲೂ ಇರುವರು. ಅಂಧನಿಂದ ಉಪಕೃತರಾದೆವೆಂದು ಹೇಳುವ ಸಮಾಜವನ್ನು ನಿರ್ಮಿಸಿದವರು ವಿರಳ.

1930ರಲ್ಲಿ ಕುಮಾರ ಶಿವಯೋಗಿಗಳು ಲಿಂಗೈಕ್ಯರಾದರು. ಪಾಠಶಾಲೆಯ ಮೇಲಿದ್ದ ದೊಡ್ಡ ನೆರಳು ಸರಿದುಹೋಯಿತು. ಮಕ್ಕಳ ಸಂಖ್ಯೆಯು ಕಡಿಮೆಯಾಗಲಿಲ್ಲ, ಹೊಟ್ಟೆಗಳೂ ಕಡಿಮೆಯಾಗಲಿಲ್ಲ. ಮಳೆಬೆಳೆಗಳಿಲ್ಲದ ವರ್ಷ ಭಕ್ತರ ಮನೆಯಲ್ಲಿಯೇ ಕಾಳಿಲ್ಲದಿರುವಾಗ ಜೋಳಿಗೆಗೆ ಬೀಳುವದೇನು? ಮಕ್ಕಳನ್ನು ಅವರವರ ಮನೆಗೆ ಕಳುಹಿಬಿಡುವದು ಸುಲಭದ ದಾರಿಯಾಗಿದ್ದಿತು. ಆದರೆ ಅನೇಕರಿಗೆ ಮನೆಯೇ ಇರಲಿಲ್ಲ. ಗವಾಯಿಗಳು ಅವರನ್ನು ಕೈಬಿಡದೆ ನಾಟಕಗಳ ಮೂಲಕ ಅನ್ನವನ್ನು ಸಂಪಾದಿಸುವ ಉಪಾಯವನ್ನು ಕೈಕೊಂಡರು. ಮಠದ ಆಶ್ರಯದಲ್ಲಿ ಬೆಳೆದವರು ರಂಗಭೂಮಿಗೆ ಇಳಿಯುವದನ್ನು ಹೀನವೆಂದು ಎಣಿಸುವವರು ಆ ಕಾಲದಲ್ಲಿ ಬಹಳ ಜನರಿದ್ದರು. ಹಸಿದ ಮಕ್ಕಳನ್ನು ಕಣ್ಣಾರೆ ಕಾಣದಿದ್ದರೂ ಅವರ ಧ್ವನಿಯಲ್ಲಿಯೇ ಹಸಿವನ್ನು ಗುರುತಿಸುತ್ತಿದ್ದ ಗುರುವಿಗೆ ಆ ಎಣಿಕೆಯು ದೊಡ್ಡದಾಗಿ ತೋರಲಿಲ್ಲ. ಸತ್ಯಶುದ್ಧವಾದ ಯಾವ ಕಾಯಕವೂ ಮೇಲಲ್ಲ, ಕೀಳಲ್ಲ ಎಂಬ ಶರಣತತ್ತ್ವವನ್ನು ಅವರು ನಡೆದು ತೋರಿಸಿದರು.

ಈ ಕಷ್ಟದ ದಿನಗಳಲ್ಲಿ ಅವರಿಗೆ ಬಲಗೈಯಾದವರು ಪುಟ್ಟರಾಜರು. 1914ನೆಯ ಮಾರ್ಚ 3ರಂದು ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಜನಿಸಿದ ಪುಟ್ಟಯ್ಯನು ಹಸುಗೂಸಾಗಿರುವಾಗಲೇ ದೃಷ್ಟಿಯನ್ನು ಕಳೆದುಕೊಂಡನು. ತಂದೆತಾಯಿಗಳ ಆಶ್ರಯವೂ ಬೇಗನೆ ತಪ್ಪಿತು. ಸೋದರಮಾವನು ಈ ಬಾಲಕನನ್ನು ಗವಾಯಿಗಳಿಗೆ ಒಪ್ಪಿಸಿದನು. ಗುರುವಿನ ಹತ್ತಿರ ಎರಡೂ ಪದ್ಧತಿಗಳ ಗಾಯನವನ್ನು ಕಲಿತು, ಹಲವು ವಾದ್ಯಗಳನ್ನು ಕರಗತ ಮಾಡಿಕೊಂಡು, ಸಂಸ್ಕೃತ ಮತ್ತು ಹಿಂದಿ ಭಾಷೆಗಳಲ್ಲಿಯೂ ಪರಿಶ್ರಮ ಪಡೆದು, ಅವರು ನಾಟಕಗಳನ್ನೂ ಪುರಾಣಗಳನ್ನೂ ರಚಿಸಿದರು. ತನ್ನ ತರುವಾಯ ಕಾಯಕವು ನಿಲ್ಲಬಾರದೆಂಬ ಗುರುವಿನ ಚಿಂತೆಯನ್ನು ಇಂಥ ಶಿಷ್ಯನು ಪರಿಹರಿಸಿದನು.

ಕೊನೆಯ ವರ್ಷಗಳಲ್ಲಿ ಸಂಚಾರಿ ಪಾಠಶಾಲೆಗೆ ಗದಗಿನಲ್ಲಿ ನೆಲೆಯು ದೊರೆಯಿತು. ಬಸರಿಗಿಡದ ವೀರಪ್ಪನವರೆಂಬ ಉದಾರ ಭಕ್ತರು ಆಶ್ರಯವಿತ್ತರು. ಆ ನೆಲೆಯೇ ಶ್ರೀ ವೀರೇಶ್ವರ ಪುಣ್ಯಾಶ್ರಮವೆಂದು ಪ್ರಸಿದ್ಧವಾಯಿತು. ಆದರೆ ಊರಿಂದೂರಿಗೆ ಅಲೆದು, ಅರೆಹೊಟ್ಟೆಯಲ್ಲಿದ್ದು, ಹಗಲಿರುಳು ಬೋಧಿಸಿದ ದೇಹವು ಬಳಲಿದ್ದಿತು. 1944ನೆಯ ಜೂನ 11ರಂದು, 52 ವರ್ಷ ವಯಸ್ಸಿನಲ್ಲಿ, ಗಾನಯೋಗಿಗಳು ಲಿಂಗೈಕ್ಯರಾದರು. ಅವರು ಬಿಟ್ಟು ಹೋದ ಆಸ್ತಿಯೆಂದರೆ ಕಲಿತ ಕಂಠಗಳು. ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತು, 2010ನೆಯ ಸೆಪ್ಟೆಂಬರ 17ರಂದು ಲಿಂಗೈಕ್ಯರಾಗುವ ವರೆಗೆ ಅರವತ್ತಾರು ವರ್ಷ ನಡೆಯಿಸಿದರು. ಅದೇ ವರ್ಷ ಭಾರತ ಸರಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಆಶ್ರಮದಲ್ಲಿ ಕಲಿತವರು ಗಾಯಕರಾಗಿ, ವಾದಕರಾಗಿ, ಕೀರ್ತನಕಾರರಾಗಿ, ಪುರಾಣಿಕರಾಗಿ, ಸಂಗೀತ ಶಿಕ್ಷಕರಾಗಿ ನಾಡಿನಲ್ಲೆಲ್ಲ ತಮ್ಮ ಅನ್ನವನ್ನು ತಾವು ದುಡಿದು ಉಂಡರು.

ಪರದೇಶಗಳಲ್ಲಿಯೂ ಅಂಧರ ಉದ್ಧಾರದ ಕಾರ್ಯದಲ್ಲಿ ಸಂಗೀತಕ್ಕೆ ದೊಡ್ಡ ಪಾಲಿರುವದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ವಾಲೆಂತೀನ್ ಆಯೂಯಿ ಎಂಬವರು ಪ್ಯಾರಿಸಿನಲ್ಲಿ ಅಂಧರ ಶಾಲೆಯನ್ನು ತೆರೆದರು. ಆ ಶಾಲೆಯಲ್ಲಿ ಕಲಿತ ಲೂಯಿ ಬ್ರೇಲ್ ಅವರು ಚಿಕ್ಕಂದಿನಲ್ಲಿ ಕಣ್ಣು ಕಳೆದುಕೊಂಡ, ಚರ್ಮದ ಕೆಲಸಗಾರನ ಮಗ; ಚರ್ಚಿನಲ್ಲಿ ಆರ್ಗನ್ ನುಡಿಸುವದು ಅವರ ಒಂದು ವೃತ್ತಿಯಾಗಿದ್ದಿತು. 1829ರಲ್ಲಿ ಅವರು ಪ್ರಕಟಿಸಿದ ಚುಕ್ಕೆಯ ಲಿಪಿಯು ಅಕ್ಷರಕ್ಕೂ ಸ್ವರಕ್ಕೂ ಉಪಯೋಗವಾಗುವಂಥದು. ಅಲ್ಲಿಯೂ ಅಂಧರ ಸಮಸ್ಯೆಯನ್ನು ಬಿಡಿಸಿದವನು ಅಂಧನೇ ಎಂಬದು ನೆನೆಯತಕ್ಕ ವಿಷಯ.

ಆದರೆ ಗವಾಯಿಗಳ ಚರಿತ್ರೆಯನ್ನು ಹೊಗಳುವಾಗ ಒಂದು ಸಂಗತಿಯನ್ನು ಮರೆಯಬಾರದು. ಅಂಧರೆಲ್ಲರೂ ಗಾಯಕರಾಗಿ ಹುಟ್ಟುವದಿಲ್ಲ. ಕಣ್ಣುಳ್ಳವರಲ್ಲಿ ಎಷ್ಟು ಜನರಿಗೆ ಸ್ವರಜ್ಞಾನವಿರುವದೋ ಅಂಧರಲ್ಲಿಯೂ ಹಾಗೆಯೇ. ಕಣ್ಣುಳ್ಳವನಿಗೆ ನೂರು ಕಾಯಕಗಳು ತೆರೆದಿರುವಾಗ ಅಂಧನಿಗೆ ಒಂದೇ ಬಾಗಿಲು ತೆರೆದಿದ್ದರೆ ಅದು ಪೂರ್ಣವಾದ ಸಮತೆಯಲ್ಲ. ಗವಾಯಿಗಳು ತಮ್ಮ ಕಾಲದಲ್ಲಿ ತಮ್ಮ ಕೈಗೆಟಕಿದ ಬಾಗಿಲನ್ನು ತೆರೆದರು. ಮಿಕ್ಕವುಗಳನ್ನು ತೆರೆಯುವದು ಮುಂದಿನವರ ಹೊಣೆ. ಕೈಯಿಲ್ಲದವರು, ಕಾಲಿಲ್ಲದವರು, ಕಿವಿ ಕೇಳದವರು, ಬುದ್ಧಿಯ ಬೆಳವಣಿಗೆ ಸಾಲದವರು ಇವರಿಗೂ ಆ ಹೊಣೆಯು ಸಲ್ಲುವದು. 1995ರ ಕಾಯದೆಯು ಸರಕಾರದ ನೌಕರಿಗಳಲ್ಲಿ ಅಂಗವಿಕಲರಿಗೆ ಶೇಕಡಾ 3ರ ಮೀಸಲನ್ನು ಕಲ್ಪಿಸಿತು. 2016ರ ಕಾಯದೆಯು ಅದನ್ನು ಶೇಕಡಾ 4ಕ್ಕೆ ಏರಿಸಿ, 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ದಯೆಯಾಗಿದ್ದುದು ಹೀಗೆ ಹಕ್ಕಾಯಿತು. ಆದರೆ ನೌಕರಿಯ ಹಕ್ಕು ವಿದ್ಯೆಯುಳ್ಳವನಿಗೆ ಮಾತ್ರ ಫಲಿಸುವದು. ವಿದ್ಯೆಯು ಹಳ್ಳಿಯ ಬಡ ಮಗುವಿಗೆ ಮುಟ್ಟದಿದ್ದರೆ ಕಾಯದೆಯು ಕಾಗದದಲ್ಲಿಯೇ ಉಳಿಯುವದು.

ನಾಡಿನ ಸ್ಥಿತಿಯೂ ಮೊದಲಿನಂತಿಲ್ಲ. ಸಿಡುಬು ಲೋಕದಿಂದಲೇ ತೊಲಗಿತೆಂದು 1980ರಲ್ಲಿ ಸಾರಲಾಯಿತು. ಟ್ರಕೋಮವು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಭಾರತದಲ್ಲಿ ಉಳಿದಿಲ್ಲವೆಂದು 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮನ್ನಿಸಿತು. ಟಿಕೋಟ, ಬಬಲೇಶ್ವರಗಳ ಹೊಲಗಳಿಗೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಏರಿ ಬಂದಿರುವದು. ಜೋಳದ ಎರೆಯ ಮಗ್ಗುಲಲ್ಲಿ ದ್ರಾಕ್ಷಿಯ ಚಪ್ಪರಗಳು ಹಬ್ಬಿರುವವು. ಬರವು ಹಿಂಜರಿದಲ್ಲಿ ಮಕ್ಕಳ ಕಣ್ಣುಗಳೂ ಉಳಿಯುವವು. ಆದರೂ ಪೊರೆ ಬಂದ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಲು ಒಂದು ದಿನದ ಕೂಲಿಯನ್ನು ಬಿಡಲಾರದ ಮುದುಕರು, ಶಾಲೆಯ ಮೆಟ್ಟಿಲನ್ನು ಏರಲಾರದೆ ಮನೆಯಲ್ಲಿಯೇ ಉಳಿದ ಮಕ್ಕಳು ಇನ್ನೂ ಇರುವರು. ಊನವು ಈಗಲೂ ಬಡವನಿಗೇ ಹೆಚ್ಚು ಭಾರ.

ಆದುದರಿಂದ ಗಾನಯೋಗಿಗಳ ಪುಣ್ಯಸ್ಮರಣೆಯು ಮಠಗಳಿಗೂ ಭಕ್ತರಿಗೂ ಒಂದು ಕರ್ತವ್ಯವನ್ನು ನೆನಪಿಗೆ ತರುವದು. ದಾಸೋಹದ ಪಂಕ್ತಿಯಲ್ಲಿ ಅಂಗವಿಕಲನಿಗೆ ಎಲೆಯನ್ನು ಹಾಸುವದು ಪುಣ್ಯವೇ ಸರಿ. ಅವನ ಕೈಗೆ ಒಪ್ಪುವ ಕಾಯಕವನ್ನು ಹುಡುಕಿ, ಕಲಿಸಿ, ಅವನೇ ಮುಂದೆ ನಿಂತು ಬಡಿಸುವಂತೆ ಮಾಡುವದು ಅದಕ್ಕಿಂತ ದೊಡ್ಡ ಪುಣ್ಯ. ಕುಮಾರ ಶಿವಯೋಗಿಗಳು ಒಬ್ಬ ಅಂಧ ಬಾಲಕನ ಧ್ವನಿಗೆ ಕಿವಿಗೊಟ್ಟರು. ಆ ಬಾಲಕನು ನೂರಾರು ಬಾಲಕರ ಧ್ವನಿಯಾದನು. ಪ್ರತಿಯೊಂದು ಊರಿನಲ್ಲಿಯೂ ಅಂಥ ಬಾಲಕನೊಬ್ಬನು, ಬಾಲಕಿಯೊಬ್ಬಳು ಮನೆಯ ಮೂಲೆಯಲ್ಲಿ ಕುಳಿತಿರಬಹುದು. ಅವರ ಧ್ವನಿಗೆ ಕಿವಿಗೊಡುವ ಗುರುಗಳೂ, ಅವರನ್ನು ಕಾಯಕಕ್ಕೆ ಹಚ್ಚುವ ಭಕ್ತರೂ ಈ ನಾಡಿನಲ್ಲಿ ಹೆಚ್ಚಲಿ. ಶ್ರೀ ಗುರು ಪಂಚಾಕ್ಷರಿ ಗವಾಯಿಗಳವರ ಕಾಯಕವು ಅಖಂಡವಾಗಿ ಸಾಗಲಿ.